ಸಾರ್ಜೆಂಟನ ಎಡಪಕ್ಕೆ

ಗಂಡ ಕ್ಲೈವನ ಎಡಪಕ್ಕೆಗೆ ಇಮೋಜೆನಳ ಕತ್ತಿ ತಾಗಿದ್ದನ್ನು ಎನಿಡ್ ಕಣ್ಣಾರೆ ಕಂಡಳು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಕಂಕುಳಿಂದ ಒಂದು ಗೇಣು ಕೆಳಗೆ, ದಪ್ಪಂಗಿಯ ಮೇಲೆ, ಅಲಗು ಸರಿಯಾಗಿ ಬಂದು ಕೂತಿತ್ತು. ಹಗ್ಗದಾಚೆ ಐಸ್‌ಕ್ರೀಮ್ ಹಿಡಿದು ನಿಂತಿದ್ದ ಜನ ಕೂಡ ಉಸಿರೆಳೆದುಕೊಂಡರು. ಇಮೋಜೆನ್ ವಾಡಿಕೆಯಂತೆ ಒಂದು ಹೆಜ್ಜೆ ಹಿಂದೆ ಸರಿದು, ಕತ್ತಿ ಇಳಿಸಿ, ಅವನು ಬೀಳಲೆಂದು ಕಾದಳು.

ಕ್ಲೈವ್ ಬೀಳಲಿಲ್ಲ. ಕತ್ತಿ ಇಳಿಸಿ ನಿಂತವಳ ಹೆಗಲ ಮೇಲೆ ತನ್ನ ಆರಡಿ ಕೋಲಿನ ಕೊಕ್ಕೆಗತ್ತಿಯನ್ನು ಹಗುರವಾಗಿ ಇಟ್ಟ. ಇಮೋಜೆನ್ ಬಿದ್ದಳು. ಬೀಳಲೇಬೇಕಲ್ಲ, ಪೆಟ್ಟು ಪೆಟ್ಟೇ. ಹುಲ್ಲಿನ ಮೇಲೆ ಬಿದ್ದುಕೊಂಡು ಉಕ್ಕಿನ ಟೋಪಿಯೊಳಗಿಂದ ಅವಳು ಕ್ಲೈವನನ್ನು ನೋಡಿದ ನೋಟ, ನೀರಿನ ಹೂಜಿ ಹಿಡಿದು ಅಷ್ಟು ದೂರ ನಿಂತಿದ್ದ ಎನಿಡಳಿಗೂ ಬಂದು ತಟ್ಟಿತು. ಕ್ಲೈವ್ ಮಾತ್ರ ಏನೂ ಆಗದವನಂತೆ ಮುಂದಿನವನ ಕಡೆಗೆ ತಿರುಗಿದ್ದ.

ಪ್ರತಿ ವರ್ಷ ಮೇ ಕೊನೆಯ ಮೂರು ದಿನದ ರಜೆಯಲ್ಲಿ ಹಾರ್ನ್‌ಲಿಯ ಮುರುಕು ಕೋಟೆಯ ಬಯಲಿನಲ್ಲಿ ಅವರ ತಂಡ ಐನೂರೈವತ್ತು ವರ್ಷ ಹಿಂದಿನ ಕಾಳಗವನ್ನು ಮತ್ತೆ ಆಡುತ್ತದೆ. ಉಕ್ಕು ನಿಜವಾದದ್ದು, ಅಲಗು ಮಾತ್ರ ಮೊಂಡು. ಹೊಡೆಯುವವರು ಕೊನೆಯ ಗಳಿಗೆಯಲ್ಲಿ ಕೈ ಹಿಡಿದು, ಜೋರು ತಗ್ಗಿಸಿ ಹೊಡೆಯಬೇಕು, ಹೊಡೆಸಿಕೊಂಡವರು ತಾವಾಗಿ ಬೀಳಬೇಕು. ತೀರ್ಪು ಕೊಡುವವರು ಅಂತ ಯಾರೂ ಇಲ್ಲ. ಪೆಟ್ಟು ತಾಗಿತೋ ಇಲ್ಲವೋ ಎಂದು ಹೇಳುವ ಹಕ್ಕು ತಾಗಿಸಿಕೊಂಡವರಿಗೆ ಮಾತ್ರ. ನಿನಗೆ ತಾಗಿತು, ಬೀಳು ಎಂದು ಇನ್ನೊಬ್ಬರಿಗೆ ಹೇಳುವುದು, ಊಟಕ್ಕೆ ಹೋದ ಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಷ್ಟು ಹೀನ ಕೆಲಸ. ಹಾಗೆ ಹೇಳಿದವರು ಆ ಬೇಸಿಗೆಯಿಡೀ ಪಾತ್ರೆ ತೊಳೆಯುತ್ತಾರೆ.

ಈ ರೂಢಿಯನ್ನು ತಂಡಕ್ಕೆ ಹಾಕಿಕೊಟ್ಟವನೇ ಕ್ಲೈವ್. ಶ್ರೂಸ್‌ಬರಿಯ ಬಸ್ ಡಿಪೋದಲ್ಲಿ ನಜ್ಜುಗುಜ್ಜಾದ ಬಸ್ಸುಗಳ ತಗಡು ಬಡಿದು ನೆಟ್ಟಗೆ ಮಾಡುತ್ತಿದ್ದವನು. ಹೋದ ವರ್ಷ ನಿವೃತ್ತನಾದ. ಮೂವತ್ತೊಂದು ವರ್ಷದಿಂದ ಹಿತ್ತಲ ಶೆಡ್ಡಿನಲ್ಲಿ ತಂಡದವರ ಮೈಗೆಲ್ಲ ಉಕ್ಕು ಬಡಿದುಕೊಟ್ಟಿದ್ದಾನೆ. ಇಮೋಜೆನಳ ಮಂಡಿಚಿಪ್ಪು ಅವನದು, ನಾಯಕ ನೆವಿಲ್ ತೊಟ್ಟು ಮೆರೆಯುವ ಎದೆಗವಚ ಅವನದು. ತಾನು ಮಾತ್ರ ಟೋಪಿ, ಕೈಗವಸು ಬಿಟ್ಟರೆ ಉಕ್ಕು ತೊಡುವುದಿಲ್ಲ. ಹದಿನಾಲ್ಕು ಪದರ ಲಿನನ್ ಬಟ್ಟೆ ಸೇರಿಸಿ ಹೊಲಿದ ದಪ್ಪಂಗಿಯೊಂದೇ. ಬಡ ಸಿಪಾಯಿಗಳು ಆಗ ಅದನ್ನೇ ತೊಡುತ್ತಿದ್ದದ್ದು. ಉಕ್ಕಿನೊಳಗೆ ಕೂತವನು ತಾಗಿದ್ದು ಗೊತ್ತಾಗಲಿಲ್ಲ ಎನ್ನಬಹುದು, ಬಟ್ಟೆ ತೊಟ್ಟವನಿಗೆ ಆ ನೆಪ ಇಲ್ಲ ಎಂದು ಹೊಸಬರಿಗೆಲ್ಲ ಹೇಳುತ್ತಾನೆ. ಹೊಸಬರು ಚರ್ಚಿನ ಹಾಲ್‌ನಲ್ಲಿ ಮೊದಲ ಎರಡು ವಾರ ಕತ್ತಿ ಮುಟ್ಟುವಂತೆಯೇ ಇಲ್ಲ, ಬೀಳುವುದನ್ನು ಮಾತ್ರ ಕಲಿಯಬೇಕು. ಅವನ ಸಾವುಗಳನ್ನು ನೋಡಲೆಂದೇ ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಗಳಿವೆ. ತಂಡದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವಳು ಎನಿಡ್ ಒಬ್ಬಳೇ. ಮಿಕ್ಕವರಿಗೆಲ್ಲ ಅವನು ಸಾರ್ಜೆಂಟ್.

ಆಟ ಮುಗಿದ ಮೇಲೆ ಎನಿಡ್ ಗುಡಾರದ ಮುಂದೆ ಕಬ್ಬಿಣದ ಮಡಕೆಯಲ್ಲಿ ಬಟಾಣಿ ಗಂಜಿ ತಿರುವುತ್ತಿದ್ದಳು. ನೆವಿಲ್ ಝಣಝಣ ಎನ್ನುತ್ತ ಬಂದ. ವಾರವೆಲ್ಲ ಲಡ್ಲೋದಲ್ಲಿ ಜನರ ಹಲ್ಲು ಕೀಳುವ ಡಾಕ್ಟರು, ರಜೆಯಲ್ಲಿ ಸೈನ್ಯದ ನಾಯಕ. ಎಂಥವರ ಬಾಯಿಗೂ ಅಂಜದೆ ಕೈಹಾಕುವವನು ಈಗ ಮಾತು ತೆಗೆಯಲಾರದೆ ಒಲೆಯ ಸುತ್ತ ಒಂದು ಸುತ್ತು ಬಂದ.

"ಸಾರ್ಜೆಂಟ್ ಹುಷಾರಾಗಿದಾರೆ ತಾನೆ, ಎನಿಡ್?"

"ಗುಂಡ್ಕಲ್ಲಿನ ಹಾಗಿದಾನೆ. ಬಿಯರ್ ಡೇರೆಗೆ ಹೋಗಿದಾನೆ. ಯಾಕೆ?"

ನೆವಿಲ್ ಹೇಳಿದ. ಇವತ್ತಿನದು ಮಾತ್ರವಲ್ಲ. ಏಪ್ರಿಲ್‌ನ ತಾಲೀಮಿನಿಂದಲೂ ಹೀಗೇ ಆಗುತ್ತಿದೆ. ತನ್ನದೇ ಒಂದು ಪೆಟ್ಟು ಚೆನ್ನಾಗಿ ಕೂತಿತ್ತು, ಸಾರ್ಜೆಂಟ್ ನಿಂತೇ ಇದ್ದರು. ಮೊದಲು ಎಲ್ಲರೂ ತಮ್ಮ ಕೈಯದೇ ತಪ್ಪಿರಬೇಕು ಅಂದುಕೊಂಡರು. ಈಗ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ. ಇಬ್ಬರು ಮೂವರು ಅವರ ಎದುರಿನ ಸಾಲಿನಲ್ಲಿ ನಿಲ್ಲಲಾರೆವು ಅಂದಿದ್ದಾರೆ. ಅವನಿಗೊಂದು ಉಪಾಯವೂ ಹೊಳೆದಿತ್ತು: ಮಂಡಿ ನೋವು ಅಂದರಾಯಿತು. ಸಾರ್ಜೆಂಟ್ ಮೈಕ್ ಹಿಡಿದು ಜನಕ್ಕೆ ಕಾಳಗವನ್ನು ವಿವರಿಸಲಿ. ಅವರ ಮಾತು ಯಾರಿಗೆ ಇಷ್ಟವಿಲ್ಲ? ನಿಜವಾದ ಕಾರಣ ಅವರ ಕಿವಿಗೆ ಬೀಳುವುದೇ ಬೇಡ.

"ನೀವು ಹೇಳಿದ್ರೆ ಕೇಳ್ತಾರೆ," ಅಂದ. "ಸೋಮವಾರದ ಆಟದೊಳಗೆ ಹೇಳಿದ್ರೆ ಸಾಕು."

"ಅವನು ಸುಳ್ಳಾಡ್ತಿದಾನೆ ಅಂತ ನಿನಗನ್ಸುತ್ತಾ?"

"ಇಲ್ಲ," ಅಂದ ನೆವಿಲ್. "ಅದಕ್ಕೇ ನನಗೆ ತಲೆಬುಡ ಅರ್ಥ ಆಗ್ತಿಲ್ಲ."

ಎನಿಡ್ ಅವನಿಗೆ ಗಂಜಿ ಕೊಡಲಿಲ್ಲ. ಅವನು ಹೋದ ಮೇಲೂ ಸೌಟು ತಿರುವುತ್ತಲೇ ಇದ್ದಳು. ಸಿಟ್ಟಿನಿಂದ ಅವಳ ಕಿವಿ ಬಿಸಿಯಾಗಿತ್ತು. ಮೂವತ್ತೊಂದು ವರ್ಷ ಬಿದ್ದು ಬಿದ್ದು ಮಂಡಿ ಮೊಣಕೈ ನೀಲಿ ಮಾಡಿಕೊಂಡವನ ಬಗ್ಗೆ ಹೀಗೆ ಗುಸುಗುಸು ಆಡುತ್ತಾರಲ್ಲ, ಇವರ ಮೈಮೇಲಿನ ಒಂದೊಂದು ತಗಡೂ ಅವನು ಬಡಿದದ್ದಲ್ಲವೇ? ಆದರೆ ಕಣ್ಣಿಗೆ ಕಂಡದ್ದನ್ನು ಕಂಡಿಲ್ಲ ಎನ್ನುವುದು ಹೇಗೆ? ಗಂಜಿ ತಳ ಹಿಡಿದ ವಾಸನೆ ಬಂದಾಗ ಅವಳಿಗೆ ದಪ್ಪಂಗಿಯ ನೆನಪಾಯಿತು. ದಿಗಿಲಿನ ಬೆನ್ನಿಗೇ ಒಂದು ಥರ ಸಮಾಧಾನವೂ ಆಯಿತು.

ಜನವರಿಯಲ್ಲಿ ಕ್ಲೈವನಿಗೆ ಸರ್ಪಸುತ್ತು ಎದ್ದಿತ್ತು. ಎಡಪಕ್ಕೆಯ ಮೇಲೆ ಬೆನ್ನಿಂದ ಹೊಟ್ಟೆಯವರೆಗೆ ಕೆಂಪು ಗುಳ್ಳೆಗಳ ಪಟ್ಟಿ. ಮೂರು ವಾರ ಅಂಗಿ ತೊಡಲಾರದೆ, ಮಲಗಲಾರದೆ, ಕುರ್ಚಿಯಲ್ಲಿ ಕೂತೇ ಕಳೆದ. ಕಿಟಕಿ ತೆರೆದರೆ ಗಾಳಿ ತಾಗಿ ಹಲ್ಲು ಕಚ್ಚುತ್ತಿದ್ದ. ಅವನ ಪಕ್ಕದಲ್ಲಿ ಕೂತು ಎನಿಡ್ ಹೊಸ ದಪ್ಪಂಗಿ ಹೊಲಿದಳು. ಎಲ್ಲರಿಗೂ ಬಟ್ಟೆಯ ವಿಷಯದಲ್ಲಿ ಅವಳೆಂದರೆ ನಡುಕ. ಜಿಪ್ ಇರುವ ಲಂಗ, ಮಿಷನ್ ಹೊಲಿಗೆಯ ಅಂಚು, ಪ್ಲಾಸ್ಟಿಕ್ ಗುಂಡಿ, ಏನು ಕಂಡರೂ ಬಯಲಿನಿಂದಲೇ ವಾಪಸು ಕಳಿಸುತ್ತಾಳೆ. ಆ ಕಾಲದಲ್ಲಿ ಇಲ್ಲದ ಒಂದು ಎಳೆಯನ್ನೂ ಒಳಗೆ ಬಿಟ್ಟವಳಲ್ಲ. ಅಂಥವಳು ಆ ಚಳಿಗಾಲ ಯಾರಿಗೂ ಹೇಳದೆ ದಪ್ಪಂಗಿಯ ಎಡಭಾಗದ ಪದರಗಳ ನಡುವೆ ಎರಡು ಬೆರಳು ದಪ್ಪ ಉಣ್ಣೆ ತುಂಬಿದ್ದಳು. ಬೆಂದ ಜಾಗಕ್ಕೆ ಪೆಟ್ಟು ಬೀಳುವುದನ್ನು ನೆನೆಸಿಕೊಳ್ಳಲೂ ಅವಳಿಂದ ಆಗಿರಲಿಲ್ಲ. ಮಾರ್ಚಿನಲ್ಲಿ ಒಂದು ಬೆಳಗ್ಗೆ ಕ್ಲೈವ್ ಎದ್ದು ನೋವು ಹೋಯಿತು ಕಣೇ ಎಂದು ಮನೆಯೆಲ್ಲ ಕೂಗಿಕೊಂಡು ತಿರುಗಿದ. ಅಷ್ಟು ಹೊತ್ತಿಗೆ ಅಂಗಿ ಮುಗಿದಿತ್ತು. ಉಣ್ಣೆ ಅಲ್ಲೇ ಉಳಿಯಿತು.

ಹಾಗಾದರೆ ತಪ್ಪು ತನ್ನದು. ಅವನು ಸುಳ್ಳಾಡುತ್ತಿಲ್ಲ, ತಾನು ತುಂಬಿದ ಉಣ್ಣೆ ಆಡುತ್ತಿದೆ. ಎನಿಡ್ ಮಡಕೆ ಇಳಿಸಿ, ಗುಡಾರದ ಪರದೆ ಎಳೆದು, ಸಂಜೆಯ ಬೆಳಕಿರುವಾಗಲೇ ಎಡಪಕ್ಕೆಯ ಹೊಲಿಗೆ ಬಿಚ್ಚಿದಳು. ಉಣ್ಣೆಯನ್ನು ಹಿಡಿ ಹಿಡಿಯಾಗಿ ಎಳೆದು ತಲೆದಿಂಬಿನ ಚೀಲಕ್ಕೆ ತುಂಬಿದಳು. ಮತ್ತೆ ಹೊಲಿಯಲು ಕೂತಾಗ ಬಿಯರ್ ಡೇರೆಯ ಕಡೆಯಿಂದ ಕ್ಲೈವನ ನಗು ಹತ್ತಿರವಾಗುತ್ತ ಬಂತು. ಆತುರಾತುರವಾಗಿ ನಾಲ್ಕು ಹೊಲಿಗೆ ಎಳೆದು, ದಾರ ಹಲ್ಲಿನಲ್ಲಿ ಕಡಿದು, ಅಂಗಿ ಮಡಚಿಟ್ಟಳು. ಆತುರದ ಹೊಲಿಗೆ ಹಾಕಿದ್ದು ಅವಳ ಆಯುಸ್ಸಿನಲ್ಲಿ ಅದೇ ಮೊದಲು.

ಭಾನುವಾರ ಬೆಳಗ್ಗೆ ಅಂಗಿ ತೊಟ್ಟು ಕ್ಲೈವ್ ಭುಜ ಕೊಡವಿದ. ಸ್ವಲ್ಪ ಹಗುರಾಗಿದೆಯಲ್ಲ ಎಂದ. ಬಿಸಿಲಿಗೆ ಒಣಗಿದೆ, ಅದಕ್ಕೇ ಎಂದು ಎನಿಡ್ ಬೇರೆ ಕಡೆ ನೋಡಿ ಹೇಳಿದಳು.

ಮಧ್ಯಾಹ್ನದ ಆಟಕ್ಕೆ ಅವಳು ಹಗ್ಗಕ್ಕೆ ಆತುಕೊಂಡೇ ನಿಂತಳು. ಇವತ್ತು ಸರಿಹೋಗುತ್ತದೆ. ಪೆಟ್ಟು ತಾಗುತ್ತದೆ, ಅವನು ಬೀಳುತ್ತಾನೆ, ಸಂಜೆ ನೆವಿಲ್‌ನನ್ನು ಕರೆದು ಉಣ್ಣೆಯ ಕತೆ ಹೇಳಿ, ತಾನೇ ಒಂದು ಬೇಸಿಗೆ ಪಾತ್ರೆ ತೊಳೆದರಾಯಿತು. ಸಾಲುಗಳು ಹತ್ತಿರ ಬಂದವು. ಇಮೋಜೆನ್ ಕ್ಲೈವನ ಎದುರೇ ಬಂದಳು. ದಿನಾ ಬೆಳಗಾದರೆ ಬೆಟ್ಟದ ಹಳ್ಳಿಗಳಿಗೆ ಟಪಾಲು ಹೊತ್ತು ತಿರುಗುವ ಹೆಂಗಸು, ಅವಳ ಕೈಯಲ್ಲಿ ಜೋರಿದೆ. ಕೈ ಹಿಡಿದು ಹೊಡೆಯಬೇಕೆಂಬುದನ್ನು ಅರ್ಧ ಮರೆತು ಹೊಡೆದಳೋ ಏನೋ, ದಪ್ ಎಂಬ ಸದ್ದು ಹಗ್ಗದಾಚೆಗೂ ಕೇಳಿಸಿತು. ಅದೇ ಎಡಪಕ್ಕೆ.

ಪೆಟ್ಟಿನ ಜೋರಿಗೆ ಕ್ಲೈವನ ಮೈ ಒಂದಿಷ್ಟು ವಾಲಿತು. ಕಾಲು ಊರಿ ನೆಟ್ಟಗೆ ನಿಂತ. ಹುರಿದುಂಬಿಸುವವನಂತೆ ನಕ್ಕು, ಎಲ್ಲರಿಗೂ ಕೇಳುವಂತೆ ಹೇಳಿದ, "ಹೀಗೆ ಹೆದರ್‌ಹೆದರ್‌ಕೊಂಡು ತಳ್ಳಬೇಡ ಮಗಾ. ಧೈರ್ಯವಾಗಿ ಹೊಡಿ. ನಾನೇನು ಮುರಿದುಹೋಗಲ್ಲ."

ಇಮೋಜೆನ್ ಕತ್ತಿಯನ್ನು ಹುಲ್ಲಿನ ಮೇಲೆ ಇಟ್ಟಳು. ಟೋಪಿ ತೆಗೆದಳು. ಸಾಯದೆ, ಸೋಲದೆ, ಕಾಳಗದ ನಟ್ಟನಡುವಿನಿಂದ ನಡೆದುಕೊಂಡು ಬಯಲು ದಾಟಿ ಹೊರಟುಹೋದಳು. ತಂಡದಲ್ಲಿ ಹಾಗೆ ಯಾರೂ ಯಾವತ್ತೂ ಮಾಡಿರಲಿಲ್ಲ. ಬಿಸಿಲಿಗೆ ತಲೆ ಸುತ್ತಿರಬೇಕು ಪಾಪ ಎಂದು ಕ್ಲೈವ್ ಪಕ್ಕದವನಿಗೆ ಹೇಳಿದ. ಪಕ್ಕದವನು ಒಂದು ಹೆಜ್ಜೆ ಆಚೆ ಸರಿದ.

ಗುಡಾರಕ್ಕೆ ಬಂದು ಎನಿಡ್ ಮಂಚದ ಅಂಚಿಗೆ ಕೂತಳು. ಉಣ್ಣೆಯೂ ಅಲ್ಲ. ಹಾಗಾದರೆ ಇನ್ನೇನು? ಕೈಗೆ ಏನಾದರೂ ಕೆಲಸ ಬೇಕೆನಿಸಿ, ಹರಿದ ಕಾಲುಚೀಲವೊಂದನ್ನು ಹೊಲಿಯಲೆಂದು ಮೂಳೆಯ ಸೂಜಿಡಬ್ಬಿ ತೆರೆದಳು. ಏಳು ಸೂಜಿ ಇರಬೇಕಿತ್ತು. ಆರಿದ್ದವು. ಡಬ್ಬಿ ಮುಚ್ಚುವ ಮುಂಚೆ ಸೂಜಿ ಎಣಿಸದೆ ಅವಳು ಎಂದೂ ಏಳುವವಳಲ್ಲ. ನಿನ್ನೆ ಸಂಜೆ ದಪ್ಪಂಗಿ ಹೊಲಿದ ಮೇಲೆ ಎಣಿಸಿರಲಿಲ್ಲ.

ಅಷ್ಟರಲ್ಲಿ ಕ್ಲೈವ್ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಅಂಗಿ ಬಿಚ್ಚು ಎಂದಳು. ಹಾಡುಹಗಲಲ್ಲಾ ಎಂದು ಅವನು ಕಣ್ಣು ಮಿಟುಕಿಸಿದ. ಎನಿಡ್ ನಗಲಿಲ್ಲ. ದಪ್ಪಂಗಿ ತೆಗೆದಾಗ ಒಳಗಿನ ಬಿಳಿ ಅಂಗಿಯ ಎಡಗಡೆ ಅಂಗೈಯಗಲ ರಕ್ತ. ಸೂಜಿ ಬಿಳಿ ಅಂಗಿಯನ್ನೂ ದಾಟಿ ಚರ್ಮದೊಳಗೆ ನಿಂತಿತ್ತು. ಸುತ್ತ ಹತ್ತಾರು ಗೀರುಗಳು, ಕೈಯೆತ್ತಿ ಹೊಡೆದಾಗಲೆಲ್ಲ ಎಳೆದುಕೊಂಡದ್ದು.

"ಅಲುಗಾಡಬೇಡ."

"ಯಾಕೆ, ಹೇನು ಸಿಕ್ತಾ?"

ಅವಳು ಎರಡು ಬೆರಳಿನಲ್ಲಿ ಹಿಡಿದು ಎಳೆದಳು. ಎಳೆಯುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನೂ ಆಗಲಿಲ್ಲ. ಅವಳು ಏನೋ ಹುಡುಕುತ್ತಿದ್ದಾಳೆಂದು ತಿಳಿದು ಅವನು ತಾಳ್ಮೆಯಿಂದ ಗುಡಾರದ ಸೂರು ನೋಡುತ್ತ ನಿಂತಿದ್ದ. ಎನಿಡ್ ಸೂಜಿಯನ್ನು ಅವನ ಅಂಗೈಯಲ್ಲಿಟ್ಟಳು.

ಕ್ಲೈವ್ ಸೂಜಿ ನೋಡಿದ, ಅಂಗಿಯ ರಕ್ತ ನೋಡಿದ, ಆಮೇಲೆ ಬಗ್ಗಿ ತನ್ನ ಪಕ್ಕೆಯನ್ನು ನೋಡಿದ. ಬಲಗೈಯ ಬೆರಳುಗಳಿಂದ ಅಲ್ಲಿ ಮುಟ್ಟಿಕೊಂಡ. ಮತ್ತೆ ಮುಟ್ಟಿದ, ಚಿವುಟಿದ. ಬೆರಳುಗಳಿಗೆ ಪಕ್ಕೆ ಗೊತ್ತಾಗುತ್ತಿತ್ತು, ಪಕ್ಕೆಗೆ ಬೆರಳು ಗೊತ್ತಾಗುತ್ತಿರಲಿಲ್ಲ. ಸರ್ಪಸುತ್ತು ಮಾಯ್ದ ಮೇಲೆ ಕೆಲವರಿಗೆ ಆ ಜಾಗ ಜೋಮು ಹಿಡಿದ ಹಾಗೆ ಆಗಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ನೋವು ಹೋದ ಸಂತೋಷದಲ್ಲಿ ಇಬ್ಬರೂ ಅದನ್ನು ಮರೆತಿದ್ದರು.

"ಇಮೋಜೆನ್ ಇವತ್ತು ಹೊಡೆದಿದ್ಲಾ?" ಎಂದು ಕೇಳಿದ.

ನೆವಿಲ್‌ನ ಉಪಾಯ ಎನಿಡಳ ನಾಲಿಗೆಯ ತುದಿಯಲ್ಲೇ ಇತ್ತು. ಸರಿಯಾಗಿ ತಾಗಲಿಲ್ಲ, ನಿನಗೆ ಮಂಡಿ ನೋವು, ಇನ್ನು ಮೈಕ್ ಹಿಡಿ ಎಂದುಬಿಟ್ಟರೆ ಈ ಮುಖ ಹೀಗೇ ಉಳಿಯುತ್ತದೆ. ಆದರೆ ಅವನು ಅವಳ ಮಾತನ್ನು ನಂಬುತ್ತಾನೆ. ಮದುವೆಯಾದ ಲಾಗಾಯ್ತು ನಂಬುತ್ತ ಬಂದಿದ್ದಾನೆ. ಅದೇ ಅವಳನ್ನು ಕಟ್ಟಿಹಾಕಿತು.

"ಹೊಡೆದಿದ್ಲು," ಅಂದಳು. "ನಿನ್ನೆನೂ ಹೊಡೆದಿದ್ಲು. ಏಪ್ರಿಲ್‌ನಿಂದಾನೂ ಒಬ್ಬರಲ್ಲ ಒಬ್ಬರು ಹೊಡೀತಾ ಇದಾರೆ, ಕ್ಲೈವ್. ನೀನು ಬೀಳ್ತಾ ಇಲ್ಲ."

ಕ್ಲೈವ್ ಪೆಟ್ಟಿಗೆಯ ಮೇಲೆ ಕೂತ. ಈ ವರ್ಷದ ಹುಡುಗರಿಗೆ ಕೈಯೇ ಇಲ್ಲ, ಗಾಳಿಗೆ ಬೀಸುತ್ತಾರೆ ಎಂದು ವಸಂತವೆಲ್ಲ ಗೊಣಗಿದ್ದ. ತಾಲೀಮಿನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಹೊಡೆಯುವುದನ್ನು ಮತ್ತೆ ಮೊದಲಿಂದ ಹೇಳಿಕೊಟ್ಟಿದ್ದ. ಅವರು ತಲೆತಗ್ಗಿಸಿ ಹೇಳಿಸಿಕೊಂಡಿದ್ದರು. ಯಾರೂ ಬಾಯಿ ಬಿಟ್ಟಿರಲಿಲ್ಲ, ಬಿಡಬಾರದೆಂದು ಕಲಿಸಿದವನು ಅವನೇ.

"ಧೈರ್ಯವಾಗಿ ಹೊಡಿ ಅಂದೆನಲ್ಲೇ ಅವಳಿಗೆ," ಅಂದ ಕೊನೆಗೆ. "ಅಷ್ಟು ಜನರ ಮುಂದೆ."

ಎನಿಡಳಿಗೆ ಅಳು ಬಂತು. ಅಳುತ್ತಲೇ ಉಣ್ಣೆಯ ವಿಷಯ ಹೇಳಿದಳು, ಬಿಚ್ಚಿದ್ದು ಹೇಳಿದಳು, ಸೂಜಿ ಬಿಟ್ಟದ್ದು ತಾನೇ ಎಂದಳು. ಕ್ಲೈವ್ ತಲೆಯೆತ್ತಿ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದ.

"ನೀನು? ಉಣ್ಣೆ ತುಂಬಿದೆಯಾ? ಒಂದು ಪ್ಲಾಸ್ಟಿಕ್ ಗುಂಡಿಗೆ ನೆವಿಲ್‌ನ ಹೆಂಡತೀನ ಮನೆಗೆ ಓಡಿಸಿದವಳು?"

"ಸಾಕು ಸುಮ್ಮನಿರು."

"ಎಷ್ಟು ದಪ್ಪ?"

"ಎರಡು ಬೆರಳು."

ಅವನ ಮುಖದಲ್ಲಿ ನಗು ಬಂದು ಹೋಯಿತು. ಅವಳ ಕೈ ಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಕಣ್ಣೊರೆಸಿಕೊಂಡು ಎನಿಡ್ ನೆವಿಲ್ ಹೇಳಿದ್ದನ್ನೂ ಹೇಳಿದಳು. ಮಂಡಿ ನೋವು ಎಂದರೆ ಇಲ್ಲಿಗೆ ಮುಗಿಯುತ್ತದೆ, ಯಾರೂ ಕೆದಕುವುದಿಲ್ಲ, ಗೌರವವಾಗಿ ಹಿಂದೆ ಸರಿಯಬಹುದು. ಕ್ಲೈವ್ ಎಲ್ಲ ಕೇಳಿಸಿಕೊಂಡ.

"ನನ್ನ ಮಂಡಿ ಚೆನ್ನಾಗಿದೆ," ಅಂದ.

ಸೋಮವಾರ ಬೆಳಗ್ಗೆ ಗೇಟು ತೆರೆಯುವ ಮುಂಚೆ ತಂಡದವರು ಬಯಲಿನಲ್ಲಿ ಸಾಲಾಗಿ ನಿಂತಿದ್ದರು. ದಿನಾ ಹಾಗೆ ನಿಲ್ಲಬೇಕು, ನೆವಿಲ್ ಒಂದೊಂದು ಅಲಗಿನ ಮೇಲೂ ಬೆರಳಾಡಿಸಿ ಚೂಪಾದ ಮುಕ್ಕು ಇದೆಯೇ ನೋಡುತ್ತಾನೆ. ಇಮೋಜೆನ್ ಬಂದಿದ್ದಳು, ಸಾಲಿನ ತುದಿಯಲ್ಲಿ, ಯಾರ ಮುಖವನ್ನೂ ನೋಡದೆ. ಕ್ಲೈವ್ ದಪ್ಪಂಗಿ, ಟೋಪಿ, ಕೈಗವಸು ಎಲ್ಲ ತೊಟ್ಟಿದ್ದ. ನೆವಿಲ್ ಹತ್ತಿರ ಬಂದಾಗ ಕೊಕ್ಕೆಗತ್ತಿಯನ್ನು ಅವನ ಕೈಗೆ ಕೊಟ್ಟು ಸಾಲಿನಿಂದ ಮುಂದೆ ಬಂದ. ಎನಿಡ್ ಹಗ್ಗದ ಹತ್ತಿರ ಖಾಲಿ ಕೈಯಲ್ಲಿ ನಿಂತಿದ್ದಳು. ರಾತ್ರಿಯಿಡೀ ಅವನು ಏನು ಹೇಳುತ್ತೇನೆಂದು ಅವಳಿಗೆ ಹೇಳಿರಲಿಲ್ಲ.

"ನನ್ನ ಎಡಪಕ್ಕೆ ಸತ್ತಿದೆ," ಅಂದ ಕ್ಲೈವ್. "ಚಳಿಗಾಲದ ಕಾಯಿಲೆ ಅದನ್ನ ತಗೊಂಡು ಹೋಯ್ತು. ನನಗೆ ನಿನ್ನೆ ಗೊತ್ತಾಯ್ತು, ನಿಮಗೆ ಮುಂಚೇನೇ ಗೊತ್ತಿತ್ತು. ಪೆಟ್ಟು ಗೊತ್ತಾಗದವನು ಸಾಲಿನಲ್ಲಿ ನಿಲ್ಲಬಾರದು. ಇವತ್ತಿಂದ ನಾನು ನಿಲ್ಲಲ್ಲ. ಶೆಡ್ಡು ಇದೆ, ಸುತ್ತಿಗೆ ಇದೆ, ನಿಮಗೇನು ಬೇಕೋ ಬಡಿದುಕೊಡ್ತೀನಿ."

ಕೋಟೆಯ ಗೋಡೆಯ ಮೇಲೆ ಕಾಗೆಗಳು ಕಿರುಚುತ್ತಿದ್ದವು.

"ಆದ್ರೆ ಹಾಗೇ ಹೋಗೋಕೆ ನನ್ನಿಂದ ಆಗಲ್ಲ. ಯಾರ್‍ಯಾರ ಪೆಟ್ಟಿಗೆ ನಾನು ಬೀಳಲಿಲ್ಲವೋ ಅವರು ಮುಂದೆ ಬನ್ನಿ. ಬೀಳಬೇಕಾದದ್ದು ಬಿದ್ದೇ ಹೋಗ್ತೀನಿ."

ಸಾಲು ಕದಲಲಿಲ್ಲ. ನಾಚಿಕೆ ಎಲ್ಲರದಾಗಿತ್ತು. ನೆವಿಲ್ ಕೊಕ್ಕೆಗತ್ತಿ ಹಿಡಿದು ಕಂಬದ ಹಾಗೆ ನಿಂತಿದ್ದ. ಇದೊಂದು ಬೆಳಗ್ಗೆ ತಾಗಿತ್ತು ಎಂದು ಹೇಳಬಹುದು, ರೂಢಿ ಹಾಕಿದವನೇ ಹೇಳುತ್ತಿದ್ದೇನೆ ಎಂದು ಕ್ಲೈವ್ ಅಂದ. ಕೊನೆಗೆ ನೆವಿಲ್, ತನ್ನದೊಂದು ಇದೆ, ಏಪ್ರಿಲ್‌ನದು ಎಂದ. ಅಲ್ಲಿಗೆ ಕಟ್ಟೆ ಒಡೆಯಿತು. ಬಿಲ್ಲುಗಾರರಲ್ಲಿ ಒಬ್ಬ ತನ್ನವು ಎರಡು ಎಂದ. ಧ್ವಜ ಹಿಡಿಯುವ ಮುದುಕಿ ವಿನಿಫ್ರೆಡ್ ತಾಲೀಮಿನಲ್ಲಿ ತನ್ನದೂ ಒಂದು ತಾಗಿತ್ತು, ತನಗೇ ನಂಬಿಕೆಯಾಗಿರಲಿಲ್ಲ ಎಂದಳು.

ಅವರು ಒಬ್ಬೊಬ್ಬರಾಗಿ ಬಂದು ಅವನ ಎಡಪಕ್ಕೆಗೆ ಹೊಡೆದರು, ಅವನು ಬಿದ್ದ. ಈಗ ಮೈ ಹೇಳುವುದಿಲ್ಲವಾದ್ದರಿಂದ ಅಲಗು ಬರುವುದನ್ನು ಕಣ್ಣಲ್ಲೇ ನೋಡಿಕೊಂಡು, ಅದು ಬಟ್ಟೆಗೆ ಕೂತ ಗಳಿಗೆಗೇ ಬಿದ್ದ. ನೆವಿಲ್‌ಗೆ ಒಂದು ಗಂಭೀರ ಸಾವು ಕೊಟ್ಟ, ಮಂಡಿಯೂರಿ, ಆಕಾಶ ನೋಡಿ, ನಿಧಾನವಾಗಿ ಮಗುಚಿಕೊಂಡ. ಬಿಲ್ಲುಗಾರನಿಗೆ ಬಸ್ಸು ಗುದ್ದಿದವನಂತೆ ಒಂದು, ಪಾಠದ ಹುಡುಗನಂತೆ ನೀಟಾಗಿ ಒಂದು. ವಿನಿಫ್ರೆಡಳ ಪೆಟ್ಟಿಗೆ ಹತ್ತು ಹೆಜ್ಜೆ ತೂರಾಡಿ, ಅವಳ ಕಾಲಿನ ಬುಡದಲ್ಲೇ ಬಿದ್ದು, ಅವಳ ಲಂಗದ ಅಂಚು ಹಿಡಿದುಕೊಂಡು ಸತ್ತ. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಪ್ರತಿ ಸಲ ಏಳುವುದು ಮಾತ್ರ ಕಷ್ಟವಾಗುತ್ತ ಹೋಯಿತು. ನಾಲ್ಕನೆಯ ಸಲ ಇಬ್ಬರು ತೋಳು ಕೊಟ್ಟು ಎಬ್ಬಿಸಿದರು. ಸಾಕು ಮಾರಾಯ ಎಂದು ಕೂಗಬೇಕೆನಿಸಿ ಎನಿಡ್ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಳು.

ಇಮೋಜೆನ್ ಕೊನೆಗೆ ಬಂದಳು. ಅವಳ ಕಣ್ಣು ಊದಿದ್ದವು.

"ನಿಂದು ಎಷ್ಟು ಮಗಾ?"

"ಎರಡು. ನಿನ್ನೇದು ಒಂದು, ಮೊನ್ನೇದು ಒಂದು." ಆಮೇಲೆ ಅಂದಳು, "ನಿನ್ನೆ ನಾನು ಜೋರಾಗಿ ಹೊಡೆದೆ ಸಾರ್ಜೆಂಟ್. ಬೇಕು ಅಂತಲೇ."

"ಸದ್ದು ಹಗ್ಗದಾಚೆಗೂ ಕೇಳಿಸಿತಂತೆ. ಒಳ್ಳೆ ಪೆಟ್ಟು ಅದು."

ಮೊದಲನೆಯದಕ್ಕೆ ಅವಳು ಸರಿಯಾಗಿ ಹೊಡೆದಳು, ಅವನು ಸರಿಯಾಗಿ ಬಿದ್ದ. ಎರಡನೆಯದಕ್ಕೆ ಕತ್ತಿ ಎತ್ತಿದವಳು ಅರ್ಧಕ್ಕೇ ಕೈ ಹಿಡಿದಳು. ಅಲಗು ದಪ್ಪಂಗಿಯಿಂದ ಒಂದು ಬೆರಳು ದೂರದಲ್ಲೇ ನಿಂತುಬಿಟ್ಟಿತು. ಎಲ್ಲರೂ ಅವನು ಬೀಳಲೆಂದು ಕಾದರು.

"ತಾಗಲಿಲ್ಲ," ಅಂದ ಕ್ಲೈವ್.

ಅವಳು ಕತ್ತಿ ಇಳಿಸಿದಳು.

"ತಾಗದೇ ಇರೋದಕ್ಕೆ ನಾನು ಬೀಳಲ್ಲಮ್ಮ. ಗೊತ್ತಲ್ಲ."

ಇಮೋಜೆನ್ ಮೂಗೊರೆಸಿಕೊಂಡು, ಕಾಲು ಸರಿಯಾಗಿ ಇಟ್ಟುಕೊಂಡು, ಅವನೇ ಕಲಿಸಿದ ಹಾಗೆ ಸೊಂಟದಿಂದ ಬೀಸಿ, ಕೊನೆಯ ಗಳಿಗೆಯಲ್ಲಿ ಕೈ ಹಿಡಿದು ಹೊಡೆದಳು. ದಪ್ ಎಂದಿತು. ಈ ಸಾವಿಗೆ ಅವನು ಯಾವ ಆಟವನ್ನೂ ಕಟ್ಟಲಿಲ್ಲ. ನಿಂತಲ್ಲೇ ಕುಸಿದು, ಅಂಗಾತ ಮಲಗಿ, ಕಣ್ಣು ಮುಚ್ಚಿದ.

ಏಳುತ್ತಾನೆಂದು ಎಲ್ಲರೂ ಕಾದರು. ತೋಳು ಕೊಡಲು ಇಬ್ಬರು ಮುಂದೆ ಬಂದರು. ನೆವಿಲ್ ಕೈಯೆತ್ತಿ ಅವರನ್ನು ತಡೆದ. ಎನಿಡ್ ಹಗ್ಗದ ಕೆಳಗೆ ನುಸುಳಿ, ಲಂಗ ಎತ್ತಿ ಹಿಡಿದು, ಇಬ್ಬನಿ ಆರದ ಹುಲ್ಲಿನ ಮೇಲೆ ನಡೆದು ಬಂದು ಅವನ ಎಡಕ್ಕೆ ಕೂತಳು. ಅವನ ಎದೆ ಏರಿಳಿಯುತ್ತಿತ್ತು. ರೆಪ್ಪೆಯ ಕೆಳಗಿಂದ ನೀರು ಕಿವಿಯ ಕಡೆಗೆ ಇಳಿದಿತ್ತು. ಅವಳು ದಪ್ಪಂಗಿಯ ಲಾಡಿ ಸಡಿಲಿಸಿ, ಒಳಗೆ ಕೈಯಿಟ್ಟು, ಗೀರುಗಳಿದ್ದ ಜಾಗದ ಮೇಲೆ ಅಂಗೈ ಊರಿದಳು. ಅಲ್ಲಿ ಬೆಚ್ಚಗಿತ್ತು.

"ಎನಿಡ್ ಎಲ್ಲಿ?" ಎಂದು ಕ್ಲೈವ್ ಕಣ್ಣು ಮುಚ್ಚಿಕೊಂಡೇ ಕೇಳಿದ. "ಯಾರಾದ್ರೂ ಅವಳನ್ನ ಕರೀರಪ್ಪ."

ಎನಿಡ್ ಇನ್ನೊಂದು ಕೈಯಿಂದ ಅವನ ಬಲಗೈಯ ಉಕ್ಕಿನ ಗವಸು ಎಳೆದು ಹುಲ್ಲಿನ ಮೇಲಿಟ್ಟಳು. ಆ ಕೈಯನ್ನು ಅವನ ಎದೆಯ ಮೇಲಿಂದ ಈಚೆಗೆ ತಂದು, ಅಂಗಿಯೊಳಗೆ, ತನ್ನ ಕೈಯ ಮೇಲೆ ಇಟ್ಟಳು. ಅವನ ಬೆರಳುಗಳು ಅವಳ ಬೆರಳುಗಳನ್ನು ಒಂದೊಂದಾಗಿ ತಡವಿ ನೋಡಿ, ಅಲ್ಲೇ ನಿಂತವು.